ಗ ಪ ದ ಸ ಗ ಅಂತ ಕೂಗುವ ರೈಲು

ಅಮೆರಿಕದ ಆಮ್‌ಟ್ರ್ಯಾಕ್ ರೈಲು ಕೂಗುವುದನ್ನು ವಿಡಿಯೋದಲ್ಲಾದರೂ ಕೇಳಿರುತ್ತೀರಿ. ಯಾರೋ ಹಾರ್ಮೋನಿಯಂನ ಐದು ಮನೆ ಒಟ್ಟಿಗೆ ಒತ್ತಿದ ಹಾಗಿರುತ್ತದೆ. ಅಲ್ಲಿರುವುದು ಐದು ಕಹಳೆಗಳೇ. ನೇಥನ್ ಕಂಪನಿಯ ಆ ಹಾರ್ನ್‌ಗೆ ಕೆ5ಎಲ್ಎ ಅಂತ ಹೆಸರು, ಸ್ವರಗಳು ಸುಮಾರು 311, 370, 415, 494, 622 ಹರ್ಟ್ಸ್. ಇದರಲ್ಲಿ 494ನ್ನು ಷಡ್ಜ ಅಂತ ಹಿಡಿದರೆ ಕೆಳಗಿನಿಂದ ಗ, ಪ, ದ, ಸ, ಮತ್ತೆ ಮೇಲಿನ ಗ. ರಿಷಭ ಬಿಟ್ಟ ಮೋಹನ ರಾಗ! ಮಾಡಿದವರ ತಲೆಯಲ್ಲಿ ಮೋಹನ ಇರಲಿಲ್ಲ ಬಿಡಿ.

ಉಗಿ ಇಂಜಿನ್ ಹೋಗಿ ಡೀಸೆಲ್ ಬಂದಾಗ ಹಾರ್ನ್‌ಗೆ ಒಂದೇ ಸ್ವರ ಇತ್ತು. ಜನ ಅದನ್ನು ಲಾರಿ ಹಾರ್ನ್ ಅಂದುಕೊಳ್ಳುತ್ತಿದ್ದರು, ಲೆವೆಲ್ ಕ್ರಾಸಿಂಗ್‌ನಲ್ಲಿ ಅದು ಅಪಾಯ. ಕೆನಡಾದ ರಾಬರ್ಟ್ ಸ್ವಾನ್ಸನ್ ಹಳೇ ಉಗಿ ಸೀಟಿಯ ನಾದವನ್ನು ಗಾಳಿಯ ಹಾರ್ನ್‌ನಲ್ಲಿ ತರಲು ಕೂತರು. ವ್ಯಾಂಕೋವರ್‌ನಲ್ಲಿ ದಿನಾ ಮಧ್ಯಾಹ್ನ 12ಕ್ಕೆ ಕೆನಡಾ ರಾಷ್ಟ್ರಗೀತೆಯ ಮೊದಲ ನಾಲ್ಕು ಸ್ವರ ಕೂಗುವ ಹಾರ್ನ್‌ಗಳೂ ಅವರದೇ ಕೆಲಸ, 1967ರದು.

ಈಗ ಯಾವ ಹಾರ್ನ್ ಅಂತ ಗುರುತು ಹಿಡಿಯುವ ವಿಷಯ. ರೈಲು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ನಿಮ್ಮನ್ನು ದಾಟಿದರೆ ಸ್ವರ ಹಾರ್ಮೋನಿಯಂನ ಸುಮಾರು ಮೂರು ಮನೆಯಷ್ಟು (ಕರಿ ಮನೆಯೂ ಸೇರಿ) ಕೆಳಗಿಳಿಯುತ್ತದೆ, ಡಾಪ್ಲರ್ ಪರಿಣಾಮ ಅಂತ ಶಾಲೆಯಲ್ಲಿ ಓದಿದ್ದೆವಲ್ಲ, ಅದೇ. ತಮಾಷೆ ಏನು ಗೊತ್ತಾ? ಮೊದಲ ಮತ್ತು ಎರಡನೇ ಕಹಳೆಯ ನಡುವೆ ಇರುವುದೂ ಮೂರೇ ಮನೆ. ಅಂದರೆ ರೈಲು ಬರುವಾಗ ಮೊದಲ ಕಹಳೆ ಕೇಳಿಸಿದ ಜಾಗದಲ್ಲಿ ಹೋಗುವಾಗ ಎರಡನೆಯದು ಕೇಳಿಸುತ್ತದೆ! ಹಾಗಾಗಿ ಫೋನಿನ ಟ್ಯೂನರ್ ಆ್ಯಪ್ ಹಿಡಿದು ಒಂದು ಸ್ವರ ಅಳೆದರೆ ಸುಮ್ನೆ ಮೋಸ ಹೋಗುತ್ತೀರಿ. ಆದರೆ ಐದೂ ಕಹಳೆ ಒಂದೇ ಪ್ರಮಾಣದಲ್ಲಿ ಜಾರುತ್ತವೆ. ಯಾವ ಶ್ರುತಿಯಲ್ಲಿ ಹಾಡಿದರೂ ಮೋಹನ ಮೋಹನವೇ ಅಲ್ವಾ, ಹಾಗೆ. ನೋಡಬೇಕಾದ್ದು ಸ್ವರಗಳ ನಡುವಿನ ಅಂತರ. ಕೆನಡಾದಲ್ಲಿ ಸಿಗುವ ಮೂರು ಕಹಳೆಯ ಕೆ3ಎಚ್‌ನಲ್ಲಿ ಅದೇ 311ನ್ನು ಷಡ್ಜ ಮಾಡಿದರೆ ಸ, ಕೋಮಲ ಗ, ಪ. ಕೇಳಲು ಸ್ವಲ್ಪ ದುಃಖದ್ದು, ನನಗೆ ಅದೇ ಇಷ್ಟ.

ಗುಜರಿಯಿಂದ ಬಂದ ಹಾರ್ನ್ ಕೈಗೆ ಸಿಕ್ಕರೆ ಇನ್ನೂ ಸುಲಭ, ಅಚ್ಚಿನಲ್ಲೇ ಮೂಡಿದ ನಂಬರ್ ನೋಡಬೇಕು. ಲೆಸ್ಲಿ ಕಂಪನಿಯದಾದರೆ 31 ಅಂದರೆ 311 ಹರ್ಟ್ಸ್, 44 ಅಂದರೆ 440. ಎಷ್ಟೋ ಸಲ ಪದರಪದರ ಬಣ್ಣ ಕೆರೆದರೇ ಅದು ಕಾಣುವುದು.

ಒಳಗೆ ಹೆಚ್ಚೇನಿಲ್ಲ. ಕಹಳೆಯ ಬುಡದ ಡಬ್ಬಿಯಲ್ಲಿ ತೆಳ್ಳನೆ ಲೋಹದ ತಗಡು ಒಂದು ಉಂಗುರದಂಥ ಅಂಚಿಗೆ ಒತ್ತಿ ಕೂತಿರುತ್ತದೆ. ಗಾಳಿ ತುಂಬಿದಾಗ ತಗಡು ಏಳುತ್ತದೆ, ಗಾಳಿ ಕಹಳೆಗೆ ನುಗ್ಗುತ್ತದೆ, ಒತ್ತಡ ಇಳಿದು ತಗಡು ಮತ್ತೆ ಕೂರುತ್ತದೆ. ಸೆಕೆಂಡಿಗೆ 311 ಸಲ! ಸ್ವರ ಎಷ್ಟೆಂಬುದನ್ನು ಮುಖ್ಯವಾಗಿ ಕಹಳೆಯ ಉದ್ದ ತೀರ್ಮಾನಿಸುತ್ತದೆ.

ರಿಪೇರಿಯಲ್ಲಿ ಜಾಸ್ತಿ ಎಡವುವುದು ಆ ಅಂಚಿನ ಹತ್ತಿರವೇ. ಹೊರಗಿನ ತುಕ್ಕು ತೆಗೆಯುವ ಹುರುಪಿನಲ್ಲಿ ಅಲ್ಲೂ ಒರಟು ಮರಳು ಹೊಡೆದರೆ ಗಾಳಿ ಸೋರಿ, ಸ್ವರದ ಬದಲು ಬುಸ್ ಅಂತಷ್ಟೇ ಬರುತ್ತದೆ. ಬೋಲ್ಟುಗಳು ಹಿಡಿದುಕೊಂಡಿರುತ್ತವೆ, ಎಣ್ಣೆ ಬಿಟ್ಟು ಕಾಯಬೇಕು. ಕಹಳೆಯೊಳಗೆ ಕಣಜದ ಮಣ್ಣಿನ ಗೂಡು ಇದ್ದರೆ ಆಶ್ಚರ್ಯವಿಲ್ಲ. ಎಲ್ಲ ಜೋಡಿಸಿದ ಮೇಲೆ ಒಂದೊಂದೇ ಕಹಳೆ ಊದಿ ನೋಡಿ, ಆಮೇಲೆ ಐದೂ. ಕಿವಿ ಮುಚ್ಚಿಕೊಂಡೇ ಊದಿ. ಅಮೆರಿಕದ ನಿಯಮದ ಪ್ರಕಾರ ಈ ಹಾರ್ನ್ 100 ಅಡಿ ದೂರದಲ್ಲೇ 96ರಿಂದ 110 ಡೆಸಿಬೆಲ್ ಇರಬೇಕು, ನೀವು ನಿಂತಿರುವುದು ಅಂಗೈ ದೂರದಲ್ಲಿ. ಪಕ್ಕದ ಮನೆಯವರಿಗೂ ಮೊದಲೇ ಹೇಳಿಬಿಡಿ, ಮೋಹನವೇ ಆದರೂ.