‘ಹೋದಳು’ ಅಂದರೆ ಸಾಕು, ‘ವೆಂಟ್’ ಅಂದರೆ ಸಾಲದು

"ಎಲ್ಲೋಗಿದ್ದ್ಯಲಾ?" "ಮೈಸೂರ್ಗೋಗಿದ್ದೆ ಕಣ್ಲಾ." ಮಂಡ್ಯ ಬಸ್ ಸ್ಟ್ಯಾಂಡಿನಲ್ಲಿ ದಿನಾ ಕಿವಿಗೆ ಬೀಳುವ ಮಾತು. ಇದರಲ್ಲಿ ‘ನೀನು’ ಇಲ್ಲ, ‘ನಾನು’ ಇಲ್ಲ, ಆದರೂ ಯಾರೂ ತಬ್ಬಿಬ್ಬಾಗುವುದಿಲ್ಲ. ಹೋದ, ಹೋದಳು, ಹೋಯಿತು, ಹೋದರು, ಹೋದೆವು: ಯಾರು ಹೋದದ್ದು ಅನ್ನೋದು ಕ್ರಿಯಾಪದದ ಕೊನೆಯಲ್ಲೇ ಕೂತಿರುತ್ತದೆ.

ಇಂಗ್ಲಿಷಿನ ಭೂತಕಾಲದಲ್ಲಿ ಆ ಕೊನೆಯೇ ಇಲ್ಲ. ಐ ವೆಂಟ್, ಯೂ ವೆಂಟ್, ಹೀ ವೆಂಟ್, ಶೀ ವೆಂಟ್, ಇಟ್ ವೆಂಟ್, ವೀ ವೆಂಟ್, ದೇ ವೆಂಟ್. ಏಳಕ್ಕೂ ಒಂದೇ ರೂಪ. ಬರೀ ‘ವೆಂಟ್’ ಅಂದರೆ ಯಾರು ಅಂತ ತಿಳಿಯುವುದೇ ಇಲ್ಲ, ಅದಕ್ಕೇ ಸರ್ವನಾಮ ಬಿಡುವಂತಿಲ್ಲ. "ಯೆಸ್ಟರ್ಡೇ ವೆಂಟ್ ಟು ಮೈಸೂರ್" ಅನ್ನೋದು ವಾಟ್ಸಾಪಿನಲ್ಲಿ ನಡೆದೀತು, ಉತ್ತರ ಪತ್ರಿಕೆಯಲ್ಲಿ ನಡೆಯದು. ವರ್ತಮಾನದಲ್ಲಿ ‘ಶೀ ಗೋಸ್’ ಅಂತ ಸೇರುವ ಎಸ್ ಕೂಡ ಭೂತಕಾಲದಲ್ಲಿ ಬಿದ್ದುಹೋಗುತ್ತದೆ. ಅಷ್ಟರಮಟ್ಟಿಗೆ ಭೂತಕಾಲವೇ ಸುಲಭ.

ತಕರಾರು ಮಾಡುವುದು ಒಂದೇ ಜೋಡಿ, ‘ವಾಸ್’ ಮತ್ತು ‘ವರ್’. ಐ, ಹೀ, ಶೀ, ಇಟ್ ಬಂದರೆ ವಾಸ್. ವೀ, ಯೂ, ದೇ ಬಂದರೆ ವರ್. ಎದುರಿಗಿರುವವರು ಒಬ್ಬರೇ ಆದರೂ ‘ಯೂ ವರ್’ ಯಾಕೆ ಅನ್ನುವವರಿಗೆ ಒಂದು ಹಳೇ ಕಥೆ ಇದೆ. ಹಿಂದೆ ಇಂಗ್ಲಿಷಿನಲ್ಲಿ ‘ನೀನು’ ಅನ್ನಲು ‘ದೌ’ ಅನ್ನುವ ಬೇರೆ ಪದವಿತ್ತು. ‘ಯೂ’ ನಮ್ಮ ‘ನೀವು’ ಇದ್ದಂತೆ, ಹಲವರಿಗೆ ಅಥವಾ ಮರ್ಯಾದೆಗೆ. ಕಾಲಕ್ರಮೇಣ ‘ದೌ’ ಮಾತಿನಿಂದ ಮರೆಯಾಗಿ ಎಲ್ಲರಿಗೂ ‘ಯೂ’ ಆಯಿತು, ಆದರೆ ಜೊತೆಗಿದ್ದ ಬಹುವಚನದ ‘ವರ್’ ಹಾಗೇ ಉಳಿಯಿತು. ‘ನೀವು ಇದ್ರಿ’ ಅನ್ನುವಾಗ ನಾವೂ ಒಬ್ಬರಿಗೇ ಬಹುವಚನ ಹಚ್ಚುತ್ತೇವಲ್ಲ, ಇದೂ ಅದೇ.

ಆದರೆ ಮೂರನೆಯವರ ವಿಷಯದಲ್ಲಿ ಈ ಮರ್ಯಾದೆ ಇಂಗ್ಲಿಷಿಗೆ ದಾಟುವುದಿಲ್ಲ. ‘ವಿಶ್ವೇಶ್ವರಯ್ಯನವರು 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದರು’ ಎಂಬುದನ್ನು "ಹೀ ವಾಸ್ ದ ದಿವಾನ್ ಆಫ್ ಮೈಸೂರ್ ಫ್ರಮ್ 1912 ಟು 1918" ಅಂತಲೇ ಬರೆಯಬೇಕು. ‘ದೇ ವರ್’ ಅಂದರೆ ದಿವಾನರು ಇಬ್ಬರಿದ್ದರು ಅಂತಾಗುತ್ತದೆ. ಅತ್ತೆ ಬಂದರೂ ‘ಶೀ ಕೇಮ್’, ಮೇಡಂ ಬಂದರೂ ‘ಶೀ ಕೇಮ್’. ಹಿರಿಯರಿಗೆ ‘ಹೀ’ ಅನ್ನಲು ನಾಲಿಗೆ ಹಿಂಜರಿಯುತ್ತದೆ ನಿಜ, ಆದರೆ ಅದು ಏಕವಚನದ ಬೈಗುಳವಲ್ಲ.

ಈಗ ಎಲ್ಲರೂ ಎಡವುವ ಜಾಗ. ‘ಐ ಡಿಡ್ ನಾಟ್ ವೆಂಟ್’, ‘ಡಿಡ್ ಯೂ ಕೇಮ್?’ ಇವೆರಡೂ ತಪ್ಪು. ‘ಡಿಡ್’ ಬಂದ ಮೇಲೆ ಕ್ರಿಯಾಪದ ಮೂಲರೂಪಕ್ಕೆ ಮರಳಬೇಕು ಅಂತ ಗೈಡುಗಳಲ್ಲಿ ಬರೆದಿರುತ್ತದೆ. ಬಾಯಿಪಾಠ ಮಾಡುತ್ತೇವೆ, ಮರೆಯುತ್ತೇವೆ. ಅದರ ಬದಲು ಕನ್ನಡದ ನಿಷೇಧ ರೂಪವನ್ನೇ ಒಮ್ಮೆ ನೋಡಿ. ‘ಹೋದಳು’ ಎಂಬುದಕ್ಕೆ ಇಲ್ಲ ಸೇರಿಸಿದರೆ ‘ಹೋದಳಿಲ್ಲ’ ಅಂತೀವಾ? ‘ಹೋಗಲಿಲ್ಲ’ ಅಂತೀವಿ. ‘ಹೋದ’ ಮಾಯವಾಗಿ ‘ಹೋಗು’ ವಾಪಸ್ ಬಂತು. ‘ವೆಂಟ್’ ಮಾಯವಾಗಿ ‘ಡಿಡ್ ನಾಟ್ ಗೋ’ ಆಗುವುದೂ ಹೀಗೆಯೇ. ಇನ್ನೂ ಒಂದು ಮಜಾ ಇದೆ. ನಾನು ಹೋಗಲಿಲ್ಲ, ಅವಳು ಹೋಗಲಿಲ್ಲ, ಅವರು ಹೋಗಲಿಲ್ಲ: ಇಲ್ಲಿ ಕನ್ನಡವೂ ಎಲ್ಲರಿಗೂ ಒಂದೇ ರೂಪ ಕೊಡುತ್ತದೆ. "ಕೆಆರ್‌ಎಸ್‌ಗೆ ಬರಲಿಲ್ಲ" ಅಂತ ಯಾರಾದರೂ ಹೇಳಿದರೆ "ಯಾರು?" ಅಂತ ಕೇಳುತ್ತೇವಲ್ಲವೇ? ಇಂಗ್ಲಿಷಿನ ಪ್ರತಿ ಭೂತಕಾಲದ ವಾಕ್ಯವೂ ಅಂಥದ್ದೇ ಅಂದುಕೊಂಡರೆ ಸರ್ವನಾಮ ಬಿಟ್ಟುಹೋಗುವುದಿಲ್ಲ.

‘ಹೋಗಿದ್ದೆ’ ನಮ್ಮನ್ನು ದಾರಿ ತಪ್ಪಿಸುವ ಇನ್ನೊಂದು ಪದ. ‘ನಿನ್ನೆ ಮೈಸೂರಿಗೆ ಹೋಗಿದ್ದೆ’ ಅನ್ನೋದನ್ನ ಹಾಗೇ ಇಳಿಸಿ "ಐ ಹ್ಯಾಡ್ ಗಾನ್ ಟು ಮೈಸೂರ್ ಯೆಸ್ಟರ್ಡೇ" ಅಂತೀವಿ. ಹೋಗಿ ಬಂದ ಸುದ್ದಿಗೆ ‘ಐ ವೆಂಟ್’ ಸಾಕು. ಹಳೆಯ ಎರಡು ಸಂಗತಿಗಳಲ್ಲಿ ಯಾವುದು ಮೊದಲು ಅಂತ ತೋರಿಸಬೇಕಾದಾಗ ‘ಹ್ಯಾಡ್’ ಕರೆಯಿರಿ. ನಾವು ಮದ್ದೂರು ತಲುಪುವಷ್ಟರಲ್ಲಿ ಅವರು ವಡೆಯೆಲ್ಲ ಮಾರಿಬಿಟ್ಟಿದ್ದರು: "ಬೈ ದ ಟೈಮ್ ವೀ ರೀಚ್ಡ್ ಮದ್ದೂರ್, ದೇ ಹ್ಯಾಡ್ ಸೋಲ್ಡ್ ಆಲ್ ದ ವಡಾಸ್." ವಡೆ ಮುಗಿದದ್ದು ಮೊದಲು, ನಾವು ತಲುಪಿದ್ದು ಆಮೇಲೆ.

‘ನನಗೆ’, ‘ಅವಳಿಗೆ’ ಅಂತ ಶುರುವಾಗುವ ವಾಕ್ಯಗಳಲ್ಲೂ ಎಚ್ಚರ ಬೇಕು. ನನಗೆ ಗೊತ್ತಿತ್ತು ಅಂದರೆ ಐ ನ್ಯೂ. ಅವಳಿಗೆ ಜ್ವರ ಬಂದಿತ್ತು ಅಂದರೆ ಶೀ ಹ್ಯಾಡ್ ಎ ಫೀವರ್. ಕನ್ನಡದ ‘ಗೆ’ ನೋಡಿ ‘ಟು ಮಿ’, ‘ಫಾರ್ ಹರ್’ ಹುಡುಕಬೇಡಿ, ಆ ವ್ಯಕ್ತಿಯನ್ನೇ ವಾಕ್ಯದ ಮುಂದೆ ಕೂರಿಸಿ. ‘ನಮಗೆ ಇಷ್ಟವಾಯಿತು’ ಎಂಬಲ್ಲಿ ಇಷ್ಟವಾದದ್ದು ಏನು ಅಂತ ನಾವು ಹೇಳದಿದ್ದರೂ ಇಂಗ್ಲಿಷಿಗೆ ಅದೂ ಬೇಕು: ‘ವೀ ಲೈಕ್ಡ್ ಇಟ್’. ಮಳೆ ಬಂದರೆ ‘ಇಟ್ ರೇನ್ಡ್’. ಈ ‘ಇಟ್’ ಯಾವುದು ಅಂತ ಕೇಳಬೇಡಿ, ಖಾಲಿ ಕುರ್ಚಿ ತುಂಬಲು ಬಂದದ್ದು.

ಉಚ್ಚಾರಣೆ ಬಗ್ಗೆ ಒಂದಿಷ್ಟು. ಕೊನೆಗೆ ಇ, ಡಿ ಬರೆದಿದೆ ಅಂತ ‘ವಾಕೆಡ್’, ‘ಆಸ್ಕೆಡ್’ ಅನ್ನುವುದು ನಮ್ಮಲ್ಲಿ ಬಹಳ. ಕ, ಪ, ಸ, ಶ, ಚ ಸದ್ದಿನ ನಂತರ ಅದು ಬರೀ ಟ್: ವಾಕ್ಟ್, ಆಸ್ಕ್ಟ್. ಟ, ಡ ಸದ್ದಿನ ನಂತರ ಮಾತ್ರ ಇಡ್: ವಾಂಟಿಡ್, ನೀಡಿಡ್. ಉಳಿದ ಕಡೆ ಸಾಮಾನ್ಯವಾಗಿ ಡ್: ಕಾಲ್ಡ್, ಪ್ಲೇಡ್.

‘ರೀಡ್’ ಪದದ ಭೂತಕಾಲಕ್ಕೂ ಅದೇ ಕಾಗುಣಿತ, ಓದುವುದು ಮಾತ್ರ ‘ರೆಡ್’. ಬರೆದ ವಾಕ್ಯದಲ್ಲಿ ಕಾಲ ಪತ್ತೆ ಹಚ್ಚಲು ಸರ್ವನಾಮ ನೋಡಿ. ಹೀ ಅಥವಾ ಶೀ ಇದ್ದು ಕ್ರಿಯಾಪದಕ್ಕೆ ಎಸ್ ಇಲ್ಲದಿದ್ದರೆ ಅದು ಭೂತಕಾಲ, ‘ಶೀ ರೆಡ್ ದ ಪೇಪರ್’ ಅಂತ ಓದಿ. ಐ, ವೀ, ದೇ ಇದ್ದರೆ ಆ ಸುಳಿವೂ ಸಿಗುವುದಿಲ್ಲ, ‘ಯೆಸ್ಟರ್ಡೇ’ಯಂಥ ಪದ ಅಕ್ಕಪಕ್ಕ ಎಲ್ಲಾದರೂ ಇದೆಯಾ ಅಂತ ಹುಡುಕಬೇಕು.