ಬ್ರೇಕಪ್ ಆಯ್ತಾ? ಫೋನ್ ಬಿಡಿ, ಉಣಕಲ್ ಕೆರೆಗೆ ಹೋಗಿ

"ಮರತುಬಿಡಲೇ, ಆಕಿ ಒಬ್ಬಾಕಿನ ಅದಾಳೇನು?" ಬ್ರೇಕಪ್ ಆದ ಹುಡುಗನಿಗೆ ಧಾರವಾಡದ ಗೆಳೆಯರು ಗಿರ್ಮಿಟ್ ಕೊಡಿಸಿ ಹೇಳುವ ಮಾತು. ಗಿರ್ಮಿಟ್ ಒಳ್ಳೆಯದೇ. ಮಾತಿನಿಂದ ಮಾತ್ರ ಏನೂ ಆಗುವುದಿಲ್ಲ.

2010ರಲ್ಲಿ ಅಮೆರಿಕದ ಮಾನವಶಾಸ್ತ್ರಜ್ಞೆ ಹೆಲೆನ್ ಫಿಶರ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಸಂಗಾತಿ ಬಿಟ್ಟುಹೋದರೂ ಪ್ರೀತಿ ಆರದ 15 ಜನರನ್ನು ಎಂಆರ್‌ಐ ಯಂತ್ರದಲ್ಲಿ ಮಲಗಿಸಿ, ಬಿಟ್ಟುಹೋದವರ ಫೋಟೋ ತೋರಿಸಿದ್ದರು. ಆಗ ಮಿದುಳಿನಲ್ಲಿ ಚುರುಕಾದ ಕೆಲವು ಭಾಗಗಳು ಕೊಕೇನ್ ಚಟದವರಲ್ಲಿ ಬಯಕೆ ಎದ್ದಾಗ ಚುರುಕಾಗುವಂಥವೇ. 15 ಜನ ಅಂದರೆ ಸಣ್ಣ ಗುಂಪು, ಅದನ್ನೇ ಕೊನೆಯ ಮಾತು ಅನ್ನಲಾಗದು. ಆದರೂ ಬ್ರೇಕಪ್ ಆದವರ ಒದ್ದಾಟ ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ, ಅಲ್ವಾ?

ಈಗ ಫೋನಿನ ವಿಷಯ. ರಾತ್ರಿ ಹನ್ನೆರಡಕ್ಕೆ ವಾಟ್ಸಾಪ್ ತೆರೆದು 'ಲಾಸ್ಟ್ ಸೀನ್' ನೋಡುವುದು. ಡಿಪಿ ಬದಲಾಯ್ತಾ? ಸ್ಟೇಟಸ್‌ಗೆ ಹಾಕಿದ ಆ ಹಾಡು ಯಾರಿಗೆ? ಮುಚ್ಚಿಡುವುದು, ಎರಡೇ ನಿಮಿಷಕ್ಕೆ ಮತ್ತೆ ತೆರೆಯುವುದು. ಹತ್ತು ಸಲ ಏನೂ ಇರುವುದಿಲ್ಲ. ಹನ್ನೊಂದನೇ ಸಲ "ಊಟ ಆಯ್ತಾ?" ಅಂತ ಒಂದು ಮೆಸೇಜ್. ಅದೇ ಕೆಡಿಸುವುದು. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಇಲಿ, ಪಾರಿವಾಳಗಳಲ್ಲಿ ಇದನ್ನು ಚೆನ್ನಾಗಿ ತೋರಿಸಿದ್ದರು. ಗುಂಡಿ ಒತ್ತಿದಾಗಲೆಲ್ಲ ಕಾಳು ಸಿಗುತ್ತಿದ್ದ ಪ್ರಾಣಿ, ಕಾಳು ನಿಂತಮೇಲೆ ಬೇಗ ಒತ್ತುವುದನ್ನು ಬಿಡುತ್ತದೆ. ಯಾವಾಗಲೋ ಒಮ್ಮೆ ಸಿಗುತ್ತಿದ್ದರೆ, ಪೂರ್ತಿ ನಿಂತಮೇಲೂ ಬಹಳ ಹೊತ್ತು ಒತ್ತುತ್ತಲೇ ಇರುತ್ತದೆ. "ಸುಮ್ನೆ ಫ್ರೆಂಡ್ಸ್ ಆಗಿ ಇರೋಣ" ಅನ್ನುವುದು ಆಮೇಲೆ ನೋಡಿದರಾಯ್ತು. ಸದ್ಯಕ್ಕೆ ಆ ನಂಬರ್ ಮ್ಯೂಟ್ ಮಾಡಿ. ಆಗದಿದ್ದರೆ ಬ್ಲಾಕ್ ಮಾಡಿ. ಅದರಲ್ಲಿ ಅವಮಾನ ಏನಿಲ್ಲ.

ಜಾಗಗಳ ವಿಷಯದಲ್ಲಿ ನಾನು ಉಲ್ಟಾ ಹೇಳುತ್ತೇನೆ. ಹುಬ್ಬಳ್ಳಿ–ಧಾರವಾಡದಲ್ಲಿ ಯಾವ ಜಾಗ ಅಂತ ತಪ್ಪಿಸುತ್ತೀರಿ? ಎರಡೂ ಊರಿನ ನಡುವೆ ಓಡಾಡುವ ಚಿಗರಿ ಬಸ್ ಹತ್ತಿದರೆ ಉಣಕಲ್ ಕೆರೆ ಬಂದೇ ಬರುತ್ತದೆ. ಇಬ್ಬರೂ ಕೂತು ಹರಟಿದ ದಂಡೆ ನೆನಪಾಗಿ ಎದೆ ಕಿವುಚಿದಂತಾಗುತ್ತದೆ. ಕೆಲವರು ಆ ದಾರಿಯನ್ನೇ ಬಿಟ್ಟುಬಿಡುತ್ತಾರೆ. ಬಿಟ್ಟಷ್ಟೂ ಆ ಜಾಗದ ಗಂಟು ಬಿಚ್ಚದೆ ಉಳಿಯುತ್ತದೆ.

ರಷ್ಯಾದ ವಿಜ್ಞಾನಿ ಪಾವ್ಲೋವ್ ತಮ್ಮ ನಾಯಿಗಳಿಗೆ ಸದ್ದು ಕೇಳಿಸಿ ಊಟ ಕೊಡುತ್ತಿದ್ದರು. ಕೊನೆಗೆ ಸದ್ದು ಕೇಳಿದರೆ ಸಾಕು, ಜೊಲ್ಲು ಬರುತ್ತಿತ್ತು. ಆಮೇಲೆ ಬರೀ ಸದ್ದು ಮಾಡಿ ಊಟ ಕೊಡದಿದ್ದಾಗ ಜೊಲ್ಲು ಸಲದಿಂದ ಸಲಕ್ಕೆ ಕಮ್ಮಿಯಾಯಿತು. ಪ್ರೀತಿ ನಾಯಿಯ ಜೊಲ್ಲಲ್ಲ, ಒಪ್ಪಿದೆ. ಆದರೆ ವಿಪರೀತ ಭಯ ಇರುವವರನ್ನು ಭಯದ ವಸ್ತುವಿಗೆ ಸ್ವಲ್ಪ ಸ್ವಲ್ಪವೇ ಒಗ್ಗಿಸುವ ಚಿಕಿತ್ಸೆಯ ಹಿಂದೆಯೂ ಇದೇ ತಿಳಿವಳಿಕೆ ಇದೆ. ಹಾಗಾಗಿ ಕೆರೆಗೆ ಹೋಗಿ. ಮೊದಲ ಸಲ ಗೆಳತಿಯನ್ನೋ ಅಣ್ಣನನ್ನೋ ಕರೆದುಕೊಂಡು ಹೋಗಿ. ಆಮೇಲೆ ಒಬ್ಬರೇ.

ಪಾವ್ಲೋವ್ ಇನ್ನೊಂದನ್ನೂ ಕಂಡಿದ್ದರು. ಕೆಲಕಾಲ ಬಿಡುವು ಕೊಟ್ಟು ಮತ್ತೆ ಸದ್ದು ಮಾಡಿದರೆ, ನಿಂತಿದ್ದ ಜೊಲ್ಲು ಮರಳಿ ಬಂತು. ಹಳೆಯ ಕಲಿಕೆ ಅಳಿಸಿಹೋಗಿರುವುದಿಲ್ಲ, ಅದರ ಮೇಲೆ ಹೊಸದು ಕೂತಿರುತ್ತದೆ ಅಷ್ಟೇ. ಆರು ತಿಂಗಳು ಆರಾಮಾಗಿದ್ದು, ಯಾರದೋ ಮದುವೆಯಲ್ಲಿ ಒಮ್ಮೆಲೇ ಅಳು ಬಂದರೆ ಎಲ್ಲ ಮೊದಲಿನಂತಾಯ್ತು ಅಂದುಕೊಳ್ಳಬೇಡಿ. ಮುಂದಿನ ಸಲ ಅದು ಸಾಮಾನ್ಯವಾಗಿ ಬೇಗ ಇಳಿಯುತ್ತದೆ.

ಊಟ, ನಿದ್ದೆ ಎರಡೂ ವಾರಗಟ್ಟಲೆ ಕೆಟ್ಟಿದ್ದರೆ ಮಾತು ಬೇರೆ. ಸಾಯಬೇಕು ಅನ್ನಿಸಿದರಂತೂ ಒಂದು ದಿನವೂ ಕಾಯಬೇಡಿ. ಧಾರವಾಡದಲ್ಲೇ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಅಲ್ಲಿವರೆಗೆ ಹೋಗಲು ಮುಜುಗರ ಅನ್ನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.