ಒಳಕಿವಿಯ ಬಳೆಗೆ ನಡುವೆ ತೂತು ಮಾಡಿದ್ದು ಯಾರು?

ಒಳಕಿವಿಯಲ್ಲಿ ಬಳೆಯಂತೆ ಬಾಗಿದ ಮೂರು ನಾಳಗಳಿವೆ. ತಲೆ ಯಾವ ಕಡೆ ತಿರುಗಿತು ಅಂತ ಮಿದುಳಿಗೆ ತಿಳಿಸುವುದು ಇವೇ. ಭ್ರೂಣದಲ್ಲಿ ಇವು ಮೊದಲು ನಾಳಗಳೇ ಅಲ್ಲ, ಚಪ್ಪಟೆ ಚೀಲಗಳು. ಚೀಲದ ಎರಡು ಗೋಡೆಗಳು ನಡುವೆ ಒಳಕ್ಕೆ ಬಾಗಿ ಒಂದಕ್ಕೊಂದು ಅಂಟುತ್ತವೆ. ಆಮೇಲೆ ಅಂಟಿದ ಭಾಗವೇ ಮಾಯ! ಅಂಚು ಮಾತ್ರ ಉಳಿಯುತ್ತದೆ. ನಡುವಿನ ಕೋಶಗಳು ಎಲ್ಲಿಗೆ ಹೋದವು?

ಸತ್ತವು ಅನ್ನಬಹುದು. ಬೆಳೆಯುವ ಜೀವಿಯಲ್ಲೂ ಕೋಶಗಳು ಸಾಯುತ್ತವೆ ಅನ್ನುವುದನ್ನು ಜೀವವಿಜ್ಞಾನಿ ಕಾರ್ಲ್ ಫೋಗ್ಟ್ 1842ರಲ್ಲೇ ಕಪ್ಪೆ ಜಾತಿಯ ಮರಿಗಳಲ್ಲಿ ಗಮನಿಸಿದ್ದರು. ಅದಕ್ಕೊಂದು ಲೆಕ್ಕ ಸಿಕ್ಕಿದ್ದು ಮಾತ್ರ 1951ರಲ್ಲಿ. ಆಲ್ಫ್ರೆಡ್ ಗ್ಲುಕ್ಸ್‌ಮನ್ ಚದುರಿದ್ದ ವರದಿಗಳನ್ನು ಒಟ್ಟುಮಾಡಿ, ಈ ಸಾವುಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು: ಆಕಾರ ಕೊಡುವ ಸಾವು, ಅಂಗಾಂಶ ರೂಪಿಸುವ ಸಾವು, ಪೂರ್ವಜರಿಂದ ಬಂದು ಈಗ ಬೇಡವಾದ ಭಾಗವನ್ನು ತೆಗೆಯುವ ಸಾವು.

1972ರಲ್ಲಿ ಕೆರ್, ವೈಲಿ, ಕರಿ ಅನ್ನುವ ಮೂವರು ವಿಜ್ಞಾನಿಗಳು ಸೇರಿ ಇಂಥದ್ದೊಂದು ಸಾವಿಗೆ ‘ಅಪೊಪ್ಟೋಸಿಸ್’ ಅನ್ನುವ ಹೆಸರಿಟ್ಟರು. ಗ್ರೀಕ್‌ನಲ್ಲಿ ಎಲೆ ಉದುರುವುದು ಅಂತ. ಕೋಶ ಕುಗ್ಗುತ್ತದೆ, ತುಂಡಾಗುತ್ತದೆ, ಅಕ್ಕಪಕ್ಕದವು ಆ ತುಂಡುಗಳನ್ನು ನುಂಗುತ್ತವೆ. ಗಲಾಟೆಯಿಲ್ಲ, ಉರಿಯೂತವಿಲ್ಲ. ಮರುವರ್ಷ ಷ್ವೈಷೆಲ್ ಮತ್ತು ಮೆರ್ಕರ್ ಸಾಯುವ ಕೋಶ ಹೇಗೆ ಕಾಣುತ್ತದೆ ಅನ್ನುವುದನ್ನೇ ಹಿಡಿದು ಇನ್ನೊಂದು ಪಟ್ಟಿ ಕೊಟ್ಟರು. ಅಪೊಪ್ಟೋಸಿಸ್ ಒಂದನೇ ಬಗೆ. ಕೋಶ ತನ್ನನ್ನೇ ಜೀರ್ಣಿಸಿಕೊಳ್ಳುವ ಆಟೊಫ್ಯಾಜಿ ಎರಡನೆಯದು. ನೆಕ್ರೋಸಿಸ್‌ನಂತೆ, ಅಂದರೆ ಪೆಟ್ಟು ಬಿದ್ದ ಕೋಶ ಉಬ್ಬಿ ಒಡೆದು ಸಾಯುವಂತೆ, ಕಾಣುವುದು ಮೂರನೆಯದು.

ಪಟ್ಟಿಗಳೇನೋ ಚೆನ್ನಾಗಿವೆ. ಒಳಕಿವಿ ಕೇಳಬೇಕಲ್ವಾ? 1993ರಲ್ಲಿ ಇಲಿಮರಿಯ ಭ್ರೂಣ ನೋಡಿದವರು, ನಡುವಿನ ಕೋಶಗಳು ಹಿಂದೆ ಸರಿದು ನಾಳದ ಗೋಡೆಗೇ ಸೇರಿಕೊಳ್ಳುತ್ತವೆ ಅಂದರು. 1997ರಲ್ಲಿ ಡೋನಾ ಫೆಕೆಟೆ ತಂಡ ಕೋಳಿಮರಿಯ ಭ್ರೂಣದಲ್ಲಿ ಅದೇ ಜಾಗದಲ್ಲಿ ಸಾಯುವ ಕೋಶಗಳನ್ನು ಗುರುತಿಸಿತು. ಅಷ್ಟಕ್ಕೇ ಸುಮ್ನಿರಲಿಲ್ಲ. ಸಾವು ತಡೆಯುವ ಬಿಸಿಎಲ್-2 ಜೀನನ್ನು ವೈರಸ್ ಮೂಲಕ ಒಳಗೆ ಕಳಿಸಿತು. ತೂತು ತಡವಾಯಿತು, ಕೆಲವು ಕಡೆ ಆಗಲೇ ಇಲ್ಲ. ಅಲ್ಲಿಗೆ ಕೋಳಿಯ ಮಟ್ಟಿಗೆ ಸಾವು ಬರೀ ಪಕ್ಕದ ಘಟನೆಯಲ್ಲ, ತೂತು ಕೊರೆಯುವ ಉಳಿಯೇ ಅಂತಾಯಿತು.

ಎರಡನೇ ಬಗೆಯ ಕಥೆ ಇನ್ನೂ ತಮಾಷೆ. 2012ರಲ್ಲಿ ಕೋಳಿ ಭ್ರೂಣದ ಎಳೆ ಕಿವಿಚೀಲದಲ್ಲಿ (ಮುಂದೆ ಒಳಕಿವಿಯಾಗುವುದು ಇದೇ) ಆಟೊಫ್ಯಾಜಿ ತಡೆದು ನೋಡಿದರು. ಅದು ಸಾಯಿಸುವ ಕೆಲಸ ಮಾಡುತ್ತಿದ್ದರೆ ಸಾವು ಕಮ್ಮಿ ಕಾಣಬೇಕಿತ್ತು. ಆದದ್ದು ಉಲ್ಟಾ: ಸಾಯುತ್ತಿದ್ದ ಕೋಶಗಳು ತೆರವಾಗದೆ ರಾಶಿ ಬಿದ್ದವು. ಅವನ್ನು ಎತ್ತಿಹಾಕಲು ಬೇಕಾದ ಶಕ್ತಿ ಆಟೊಫ್ಯಾಜಿಯಿಂದಲೇ ಬರುತ್ತಿತ್ತು.